ಬೆನ್ನ ಮೇಲಿನ ಗೂಡು

ಅಂಗಡಿಗೆ ಹೋದ ಗೃಹಸ್ಥರು ಕೇಳುವ ಪ್ರಶ್ನೆಗಳು ಎರಡೇ. ‘ಬೆಲೆ ಎಷ್ಟು?’ ಎಂಬುದು ಒಂದು. ‘ಎಷ್ಟು ವರ್ಷ ಬಾಳಿಕೆ ಬರುತ್ತೆ?’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಅಂಗಡಿಯವರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಎರಡನೆಯದಕ್ಕೆ ಅವರು ಹೇಳುವುದು ‘ನೀವು ಇಟ್ಟುಕೊಳ್ಳೋ ಹಾಗೆ’ ಎಂದು. ಇದು ನುಣುಚಿಕೊಳ್ಳುವ ಮಾತು ಎಂದು ಕೊಳ್ಳಲು ಬಂದವರು ನಗುತ್ತಾರೆ. ಆದರೆ ಆ ಮಾತಿನಲ್ಲಿ ವಿಜ್ಞಾನದ ಒಂದು ಪಾಠವೇ ಅಡಗಿದೆ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ನೆಲೆಸಿರುವ ಒಂದು ಕನ್ನಡ ಕುಟುಂಬಕ್ಕೆ ಈ ಪಾಠವಾದದ್ದು ತಮ್ಮ ಪಿಕಪ್ ಟ್ರಕ್ಕಿಗೆ ಒಂದು ಗೂಡನ್ನು ಕೊಳ್ಳಲು ಹೊರಟಾಗ.

ಅಮೆರಿಕದ ಹಳ್ಳಿ ಪಟ್ಟಣಗಳಲ್ಲಿ ಪಿಕಪ್ ಟ್ರಕ್ ಎಂದರೆ ನಮ್ಮಲ್ಲಿ ಹಿಂದೆ ಮನೆಮನೆಗೂ ಇದ್ದ ಎತ್ತಿನ ಗಾಡಿಯ ಹಾಗೆ. ಮುಂದೆ ಕಾರಿನಂತೆ ಕುಳಿತುಕೊಳ್ಳುವ ಜಾಗ. ಹಿಂದೆ ಮುಚ್ಚಳವಿಲ್ಲದ ಉದ್ದನೆಯ ತೊಟ್ಟಿ. ಗೊಬ್ಬರ, ಮರಮುಟ್ಟು, ಹಳೆಯ ಸೋಫಾ ಎಲ್ಲವೂ ಅದರಲ್ಲೇ ಸಾಗಬೇಕು. ಫೋರ್ಡ್ ಕಂಪನಿಯ ಎಫ್ ಸರಣಿಯ ಪಿಕಪ್ಪುಗಳು 1977ರಿಂದ ದಶಕಗಳ ಕಾಲ ಅಲ್ಲಿನ ಟ್ರಕ್ ಮಾರಾಟದಲ್ಲಿ ಮೊದಲ ಸ್ಥಾನ ಬಿಟ್ಟುಕೊಡಲಿಲ್ಲ ಎಂದರೆ ಈ ವಾಹನದ ಮೇಲೆ ಆ ಜನಕ್ಕಿರುವ ಮೋಹ ತಿಳಿಯುತ್ತದೆ. ಹಿಂದಿನ ತೊಟ್ಟಿಯನ್ನು ಅವರು ‘ಬೆಡ್’, ಅಂದರೆ ಹಾಸಿಗೆ, ಎಂದೇ ಕರೆಯುತ್ತಾರೆ. ಅದರ ಮೇಲೆ ಗೋಡೆ, ಕಿಟಕಿ, ಹಿಂಬಾಗಿಲು ಇರುವ ಒಂದು ಗಟ್ಟಿ ಮುಚ್ಚಳವನ್ನು ಕೂರಿಸಿದರೆ ಅದೇ ಕ್ಯಾಂಪರ್ ಶೆಲ್. ಶೆಲ್ ಎಂದರೆ ಚಿಪ್ಪು. ಕೆಲವು ಕಡೆ ಟಾಪರ್ ಎಂತಲೂ, ಕೆಲವು ಕಡೆ ಕ್ಯಾಪ್ ಎಂತಲೂ ಹೆಸರಿದೆ. ಒಳಗೆ ಅಡುಗೆಮನೆಯಿಲ್ಲ, ಬಚ್ಚಲಿಲ್ಲ. ಹಗಲಿಗೆ ಸಾಮಾನು ಕಾಯುವ ಪೆಟ್ಟಿಗೆ, ರಾತ್ರಿಗೆ ಇಬ್ಬರು ಮಲಗುವ ಗೂಡು, ಅಷ್ಟೆ.

ಆ ಮನೆಯ ಮಗಳು ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದುತ್ತಿದ್ದಾಳೆ. ಸುಪೀರಿಯರ್ ಸರೋವರದ ದಂಡೆಯಲ್ಲಿ ಸುಮಾರು 110 ಕೋಟಿ ವರ್ಷ ಹಳೆಯದಾದ ಲಾವಾ ಶಿಲೆಗಳಿವೆ. ಬೇಸಿಗೆ ರಜೆಯ ನಾಲ್ಕು ವಾರ ಅಲ್ಲಿ ಅಲೆದು ಮಾದರಿಗಳನ್ನು ಆರಿಸಿ ತರಬೇಕು. ಜೊತೆಗೆ ಒಬ್ಬ ಗೆಳತಿ. ಹೋಟೆಲ್ ಬಾಡಿಗೆ ವಿದ್ಯಾರ್ಥಿಗಳ ಕೈಗೆ ಎಟುಕುವಂಥದ್ದಲ್ಲ. ಅಪ್ಪನ ಹಳೆಯ ಪಿಕಪ್ಪಿನ ಆರು ಅಡಿ ತೊಟ್ಟಿಗೆ ಒಂದು ಗೂಡು ಹಾಕಿಸಿದರೆ ಅದರಲ್ಲೇ ಮಲಗಬಹುದು ಎಂಬುದು ಅವಳ ಲೆಕ್ಕ. ಅಪ್ಪನ ಆಸೆ, ಒಮ್ಮೆ ಕೊಂಡರೆ ಇಪ್ಪತ್ತು ವರ್ಷ ನೋಡಬಾರದು ಎಂದು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅಮ್ಮನದು ಬೇರೆಯೇ ಚಿಂತೆ. ಅವರು ಅದನ್ನು ಇನ್ನೂ ಬಾಯಿ ಬಿಟ್ಟು ಹೇಳಿರಲಿಲ್ಲ. ತಿಪಟೂರಿನಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ತಾತನಿಗೆ ಮಾತ್ರ ಇದು ಹೊಸ ವಿಷಯವೇ ಅಲ್ಲ. ಅವರು ಹಿಂದೆ ಲಾರಿ ಇಟ್ಟುಕೊಂಡು ಕೊಬ್ಬರಿ ಸಾಗಿಸುತ್ತಿದ್ದವರು. ಕೊಬ್ಬರಿ ನೆನೆದರೆ ಬೂಸಲು. ಬೂಸಲು ಬಂದರೆ ನಷ್ಟ. ಮಳೆಯಿಂದ ಸರಕನ್ನು ಕಾಪಾಡುವ ವಿದ್ಯೆ ಅವರಿಗೆ ಪುಸ್ತಕದಿಂದ ಬಂದದ್ದಲ್ಲ.

ಮಗಳು ನೋಟ್‌ಬುಕ್ಕಿನಲ್ಲಿ ಮೂರು ಕಲಂ ಎಳೆದಳು: ದಪ್ಪ ಬಟ್ಟೆಯ ಹೊದಿಕೆ, ಅಲ್ಯೂಮಿನಿಯಂ ಗೂಡು, ಫೈಬರ್ ಗ್ಲಾಸ್ ಗೂಡು.

ಬಟ್ಟೆಯದು ಅಗ್ಗ, ಹಗುರ, ಬೇಡವಾದಾಗ ಮಡಿಚಿಡಬಹುದು. ಆದರೆ ಬೀಗ ಹಾಕಲಾಗದು. ಸೂರ್ಯನ ಅತಿನೇರಳೆ ಕಿರಣಗಳು ಎಳೆಗಳ ಅಣುಸರಪಳಿಗಳನ್ನೇ ತುಂಡರಿಸುತ್ತ ಹೋಗುತ್ತವೆ. ತಾತ ಪಟ್ಟಿಯನ್ನು ನೋಡಿ, ‘ಟಾರ್ಪಾಲು ನಡುವೆ ಹರಿಯಲ್ಲ ಕಣಮ್ಮ, ಮಡಿಕೆ ಬಿದ್ದ ಕಡೆ ಹರಿಯುತ್ತೆ’ ಎಂದರು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಾಗಿದ ವಸ್ತು ಅಲ್ಲಿಯೇ ಸೋಲುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ತುಂಡು ಮಾಡುವ ಯಾವ ಹುಡುಗನಿಗೂ ಇದು ಗೊತ್ತು. ಎಂಜಿನಿಯರುಗಳು ಇದನ್ನು ‘ದಣಿವು’ ಎನ್ನುತ್ತಾರೆ.

ಅಲ್ಯೂಮಿನಿಯಂ ಅಪ್ಪನಿಗೆ ಮೆಚ್ಚಿಗೆಯಾಗಿತ್ತು. ಉಕ್ಕಿನ ಸಾಂದ್ರತೆ ನೀರಿನ ಸುಮಾರು 7.8 ಪಟ್ಟು, ಅಲ್ಯೂಮಿನಿಯಮ್ಮಿನದು 2.7 ಪಟ್ಟು ಮಾತ್ರ. ತುಕ್ಕು ಹಿಡಿಯುವುದಿಲ್ಲ ಎಂಬ ಹೆಸರೂ ಇದೆ. ಗಾಳಿ ಸೋಕಿದ ಕೂಡಲೇ ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರ ಹುಟ್ಟಿ, ಒಳಗಿನ ಲೋಹವನ್ನು ಕಾಯುತ್ತದೆ. ಗೀಚಿದರೆ ಮತ್ತೆ ಹುಟ್ಟುತ್ತದೆ. ಇಷ್ಟೆಲ್ಲ ಗುಣವಿರುವ ಲೋಹಕ್ಕೂ ಒಂದು ಶತ್ರುವಿದೆ. ಅದು ಉಪ್ಪು.

ಮಿಷಿಗನ್ನಿನಲ್ಲಿ ಉಪ್ಪು ಎಲ್ಲಿಂದ ಬಂತು ಎಂದು ಕೇಳಬಹುದು. ಡೆಟ್ರಾಯಿಟ್ ನಗರದ ಕೆಳಗೆ, ಸಾವಿರ ಅಡಿಗೂ ಹೆಚ್ಚಿನ ಆಳದಲ್ಲಿ, ಒಂದು ದೊಡ್ಡ ಉಪ್ಪಿನ ಗಣಿಯೇ ಇದೆ. ಚಳಿಗಾಲದಲ್ಲಿ ಹಿಮಗಟ್ಟಿದ ರಸ್ತೆಗಳ ಮೇಲೆ ಉಪ್ಪನ್ನು ಚೆಲ್ಲುತ್ತಾರೆ. ನೀರಿಗೆ ಉಪ್ಪು ಸೇರಿದರೆ ಅದು ಹೆಪ್ಪುಗಟ್ಟುವ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುತ್ತದೆ; ಮಂಜು ಕರಗುತ್ತದೆ; ಗಾಡಿಗಳು ಜಾರುವುದಿಲ್ಲ. ಆದರೆ ಆ ಉಪ್ಪುನೀರು ಗಾಲಿಗಳಿಂದ ಚಿಮ್ಮಿ ವಾಹನದ ಸಂದುಗೊಂದುಗಳಲ್ಲೆಲ್ಲ ಕೂರುತ್ತದೆ. ಉಪ್ಪಿನ ಕ್ಲೋರೈಡ್ ಅಯಾನುಗಳು ಅಲ್ಯೂಮಿನಿಯಮ್ಮಿನ ರಕ್ಷಾಕವಚವನ್ನು ಚುಕ್ಕೆ ಚುಕ್ಕೆಯಾಗಿ ಭೇದಿಸುತ್ತವೆ. ಅದಕ್ಕಿಂತ ಕೇಡು, ಅಲ್ಯೂಮಿನಿಯಂ ತಗಡಿಗೆ ಉಕ್ಕಿನ ತಿರುಪು ಹಾಕಿದ್ದರೆ ಅಲ್ಲಿ ಒಂದು ಪುಟ್ಟ ಬ್ಯಾಟರಿಯೇ ಸಿದ್ಧವಾಗುತ್ತದೆ. ಎರಡು ಬೇರೆ ಲೋಹ, ನಡುವೆ ಉಪ್ಪುನೀರು. ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿ ವೋಲ್ಟಾನ ಕೋಶ ಮಾಡಲು ಇನ್ನೇನು ಬೇಕು? ಈ ಕೋಶದಲ್ಲಿ ಸವೆಯುವುದು ಅಲ್ಯೂಮಿನಿಯಂ. ತಿರುಪಿನ ಸುತ್ತ ಬಿಳಿಯ ಪುಡಿ ಕಾಣಿಸಿದರೆ ಅಲ್ಲಿ ಲೋಹ ಕರಗುತ್ತಿದೆ ಎಂದೇ ಅರ್ಥ.

ಫೈಬರ್ ಗ್ಲಾಸ್‌ನದು ಬೇರೆ ಸ್ವಭಾವ. ನಮ್ಮ ಹಿರಿಯರು ಮಣ್ಣಿನ ಗೋಡೆಗೆ ಹುಲ್ಲು ಕಲಸುತ್ತಿದ್ದರು. ಮಣ್ಣು ಒತ್ತಡವನ್ನು ತಡೆಯುತ್ತದೆ, ಹುಲ್ಲು ಬಿರುಕು ಬಿಡದಂತೆ ಹಿಡಿದಿಡುತ್ತದೆ. ಇಲ್ಲಿ ಮಣ್ಣಿನ ಜಾಗದಲ್ಲಿ ರಾಳ, ಹುಲ್ಲಿನ ಜಾಗದಲ್ಲಿ ಗಾಜಿನ ಸಣ್ಣ ಎಳೆ. 1953ರಲ್ಲಿ ಷೆವ್ರೊಲೆ ಕಂಪನಿ ತನ್ನ ಕಾರ್ವೆಟ್ ಕಾರಿನ ಮೈಯನ್ನು ಇದರಿಂದಲೇ ಮಾಡಿತ್ತು. ಉಪ್ಪು ಇದನ್ನು ತಿನ್ನಲಾರದು. ಆದರೆ ಬಿಸಿಲು ಮಾತ್ರ ಇದನ್ನೂ ಬಿಡುವುದಿಲ್ಲ. ಹೊರಮೈಗೆ ಬಳಿದಿರುವ ಜೆಲ್ ಕೋಟ್ ಎಂಬ ನುಣುಪು ಪದರ ವರ್ಷಗಳ ಬಿಸಿಲಿಗೆ ಮಂಕಾಗಿ, ಮುಟ್ಟಿದರೆ ಸೀಮೆಸುಣ್ಣದಂತೆ ಕೈಗೆ ಹತ್ತುತ್ತದೆ. ಅದನ್ನು ಲಕ್ಷ್ಯ ಮಾಡದೆ ಬಿಟ್ಟರೆ ಒಳಗಿನ ಗಾಜಿನ ಎಳೆಗಳೇ ಹೊರಗೆ ಇಣುಕುತ್ತವೆ. ವರ್ಷಕ್ಕೆರಡು ಸಲ ಮೇಣ ತಿಕ್ಕಿದರೆ ಈ ಮುಪ್ಪನ್ನು ಬಹುಕಾಲ ಮುಂದೂಡಬಹುದು.

ಇಷ್ಟು ತಿಳಿದ ಮೇಲೆ ಹತ್ತಿರದ ಊರಿನಲ್ಲಿ ಮಾರಾಟಕ್ಕಿದ್ದ, ಯಾರೋ ಬಳಸಿ ಬಿಟ್ಟಿದ್ದ ಒಂದು ಫೈಬರ್ ಗ್ಲಾಸ್ ಗೂಡನ್ನು ನೋಡಲು ನಾಲ್ವರೂ ಹೋದರು. ಹೊಸದರ ಬೆಲೆಗಿಂತ ಬಹಳ ಕಡಿಮೆ. ಬಣ್ಣ ಫಳಫಳಿಸುತ್ತಿತ್ತು. ಅಪ್ಪನಿಗೆ ಅಲ್ಲೇ ಮನಸ್ಸಾಯಿತು. ತಾತ ಬಣ್ಣದ ಕಡೆ ನೋಡಲೇ ಇಲ್ಲ. ಮಾವಿನ ಹಣ್ಣಿನ ಬುಟ್ಟಿಯ ಮುಂದೆ ಕೂತವರಂತೆ ಅಂಗೈಯಿಂದ ಒತ್ತಿ ನೋಡಿದರು, ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು. ಎಲ್ಲ ಕಡೆ ಒಂದೇ ಸದ್ದು ಬಂದರೆ ಪದರಗಳು ಕೂಡಿಕೊಂಡಿವೆ. ಒಂದು ಕಡೆ ಬೊಳ್ಳೆನಿಸಿದರೆ ಒಳಗೆ ಬಿಟ್ಟುಕೊಂಡಿದೆ. ಮಗಳು ಕಿಟಕಿಗಳ ಮೂಲೆಗಳನ್ನೂ ಮೊಳೆಯ ತೂತುಗಳ ಸುತ್ತಲನ್ನೂ ಟಾರ್ಚು ಹಾಕಿ ಪರೀಕ್ಷಿಸಿದಳು. ಜೇಡರ ಬಲೆಯಂಥ ಬಿರುಕುಗಳು ಮೊದಲು ಕಾಣಿಸುವುದು ಅಲ್ಲಿಯೇ. ಒಂದು ಹಾಳೆಯಲ್ಲಿ ಕಿಂಡಿ ಕೊರೆದರೆ ಎಳೆತವೆಲ್ಲ ಆ ಕಿಂಡಿಯ ಮೂಲೆಗೆ ಬಂದು ಸೇರುತ್ತದೆ. 1954ರಲ್ಲಿ ಎರಡು ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದು ಬಿದ್ದಾಗ ತನಿಖೆ ಮಾಡಿದವರಿಗೆ ಸಿಕ್ಕ ಕಾರಣವೂ ಇದೇ: ಮೈಯಲ್ಲಿ ಕೊರೆದ ಕಿಂಡಿಗಳ ಮೂಲೆಯಲ್ಲಿ, ದಣಿವಿನಿಂದ ಹುಟ್ಟಿದ ಬಿರುಕು.

ಎಲ್ಲ ಸರಿಯಾಗಿದೆ ಎನ್ನುವಾಗ ತಾತ, ‘ಒಳಗೆ ಕೂತ್ಕೊ ಮಗಾ, ಬಾಗಿಲು ಹಾಕ್ಕೊ. ನಾವು ನೀರು ಬಿಡ್ತೀವಿ’ ಎಂದರು. ಮಾರುವವನ ಒಪ್ಪಿಗೆ ಪಡೆದು ಅಪ್ಪ ತೋಟದ ಪೈಪಿನಿಂದ ಹತ್ತು ನಿಮಿಷ ನೀರು ಹಾಯಿಸಿದರು. ಛಾವಣಿಯಿಂದ ಒಂದು ಹನಿಯೂ ಇಳಿಯಲಿಲ್ಲ. ಆದರೆ ಮುಂದಿನ ಎಡಮೂಲೆಯಲ್ಲಿ, ಗೂಡು ತೊಟ್ಟಿಯ ಅಂಚಿನ ಮೇಲೆ ಕೂರುವ ಕಡೆ, ಸಣ್ಣ ಧಾರೆಯಾಗಿ ನೀರು ಬಂತು. ಗೂಡಿಗೂ ತೊಟ್ಟಿಗೂ ನಡುವೆ ಇರುವ ರಬ್ಬರ್ ಪಟ್ಟಿ ಅಲ್ಲಿ ಚಪ್ಪಟೆಯಾಗಿ ಸತ್ತುಹೋಗಿತ್ತು. ಇಡೀ ಗೂಡಿನಲ್ಲಿ ಅತ್ಯಂತ ಅಗ್ಗದ ಭಾಗ ಅದು.

ಮನೆಗೆ ಬಂದ ಮೇಲೆ ಮಗಳು ಈ ಪಟ್ಟಿ ಯಾಕೆ ಸಾಯುತ್ತದೆ ಎಂದು ಲೆಕ್ಕ ಹಾಕಿದಳು. ಅಲ್ಲಿನ ಚಳಿಗಾಲದ ಸೊನ್ನೆಗಿಂತ 20 ಡಿಗ್ರಿ ಕೆಳಗಿನಿಂದ ಬೇಸಿಗೆ ಬಿಸಿಲಲ್ಲಿ ಕಾದ ಲೋಹದ 50 ಡಿಗ್ರಿಯವರೆಗೆ 70 ಸೆಲ್ಸಿಯಸ್ ಡಿಗ್ರಿಗಳ ವ್ಯತ್ಯಾಸ. ಎರಡು ಮೀಟರ್ ಉದ್ದದ ಉಕ್ಕಿನ ತೊಟ್ಟಿ ಇದಕ್ಕೆ ಸುಮಾರು 1.7 ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಉದ್ದದ ಅಲ್ಯೂಮಿನಿಯಂ 3.2 ಮಿಲಿಮೀಟರ್ ಹಿಗ್ಗುತ್ತದೆ. ಫೈಬರ್ ಗ್ಲಾಸ್‌ಗೂ ತನ್ನದೇ ಅಳತೆಯಿದೆ. ಹಾಗಾಗಿ ಮೇಲಿನದೂ ಕೆಳಗಿನದೂ ಎಂದೂ ಒಂದೇ ಸಮ ಹಿಗ್ಗಿ ಕುಗ್ಗುವುದಿಲ್ಲ. ಈ ತಿಕ್ಕಾಟವನ್ನೆಲ್ಲ ನುಂಗಿಕೊಳ್ಳುವುದು ಆ ರಬ್ಬರ್ ಪಟ್ಟಿ. ಗೂಡನ್ನು ತೂತು ಕೊರೆದು ಬಿಗಿಯದೆ ಹಿಡಿಕೆಗಳಿಂದ, ಅಂದರೆ ಕ್ಲಾಂಪುಗಳಿಂದ, ಕಚ್ಚಿಸುವುದರಲ್ಲೂ ಇದೊಂದು ಅನುಕೂಲ. ಸ್ವಲ್ಪ ಸರಿದಾಡಲು ಜಾಗ ಕೊಟ್ಟ ಜೋಡಣೆ ಹೆಚ್ಚು ಕಾಲ ಉಳಿಯುತ್ತದೆ. ರೈಲು ಹಳಿಗಳ ನಡುವೆ ಬಿಡುತ್ತಿದ್ದ ಸಂದಿನ ಕಥೆಯೂ ಇದೇ.

ಮುಂದಿನದು ಭಾರದ ಲೆಕ್ಕ. ಅಮೆರಿಕದ ವಾಹನಗಳಲ್ಲಿ ಚಾಲಕನ ಬಾಗಿಲಿನ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಜನ ಮತ್ತು ಸರಕು ಸೇರಿ ಇಷ್ಟು ತೂಕ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಈ ಪಿಕಪ್ಪಿನ ಚೀಟಿಯಲ್ಲಿದ್ದದ್ದು 1,100 ಪೌಂಡ್, ಅಂದರೆ ಸುಮಾರು 500 ಕಿಲೋಗ್ರಾಂ. ಗೂಡು ಬಂದ ಮೇಲೆ ಅದೂ ಸರಕೇ. ಗೂಡು 75 ಕಿಲೋ, ಇಬ್ಬರು ಹುಡುಗಿಯರು 110, ಹಲಗೆ ಹಾಸಿಗೆ 40, ನಲವತ್ತು ಲೀಟರ್ ನೀರು 40, ಬಟ್ಟೆ ಆಹಾರ ಸಲಕರಣೆ 35. ಒಟ್ಟು 300. ಉಳಿದ 200 ಕಿಲೋ ಕೇಳಲು ದೊಡ್ಡದು. ಆದರೆ ಭೂವಿಜ್ಞಾನದ ವಿದ್ಯಾರ್ಥಿಗಳು ತರುವುದು ಕಲ್ಲನ್ನು! ಹತ್ತು ಲೀಟರಿನ ಒಂದು ಬಕೆಟ್ ತುಂಬ ಕಲ್ಲು ತುಂಬಿದರೆ, ನಡುವಿನ ಸಂದುಗಳನ್ನು ಬಿಟ್ಟರೂ, ಸುಮಾರು 17 ಕಿಲೋ ಆಗುತ್ತದೆ. ಹತ್ತು ಬಕೆಟ್ಟಿಗೆ ಮುಂಚೆಯೇ ನಿಲ್ಲಿಸಬೇಕು ಎಂದು ಮಗಳು ಗೆರೆ ಎಳೆದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಈ ‘ಹಾಸಿಗೆ’ಗೂ ಒಪ್ಪುತ್ತದೆ.

ಛಾವಣಿಯ ಮೇಲಿನ ಭಾರ ಬೇರೆ. ಸುಮಾರು 2.7 ಚದರ ಮೀಟರ್ ಛಾವಣಿಯ ಮೇಲೆ ಒಂದು ಅಡಿ ಹೊಸ ಮಂಜು ಬಿದ್ದರೆ 80 ಕಿಲೋ. ಅದೇ ಮಂಜು ನೆನೆದು ಗಟ್ಟಿಯಾಗಿದ್ದರೆ 240 ಕಿಲೋ ಆದೀತು. ಚಳಿಗಾಲದಲ್ಲಿ ಮಂಜನ್ನು ಗುಡಿಸಿ ತೆಗೆಯುವ ಸೋಮಾರಿತನಕ್ಕೆ ಎಷ್ಟೋ ಛಾವಣಿಗಳು ಬಲಿಯಾಗುತ್ತವೆ. ಓಡುವಾಗ ಛಾವಣಿ ಹೊರಬಲ್ಲ ಭಾರ ನಿಂತಾಗ ಹೊರುವುದಕ್ಕಿಂತ ಬಹಳ ಕಡಿಮೆ. ಗುಂಡಿಗೆ ಬಿದ್ದು ಏಳುವಾಗ ಮೇಲಿನ ಪ್ರತಿ ಕಿಲೋವೂ ಕ್ಷಣಕಾಲ ಹಲವು ಕಿಲೋಗಳಂತೆ ಒತ್ತುತ್ತದೆ.

ಎಲ್ಲ ಲೆಕ್ಕ ಮುಗಿದು, ರಬ್ಬರ್ ಪಟ್ಟಿ ಬದಲಾಯಿಸುವ ಖರ್ಚನ್ನು ಕಳೆದು ಬೆಲೆ ಚೌಕಾಸಿಯೂ ಆದ ಮೇಲೆ ಅಮ್ಮ ಬಾಯಿ ತೆರೆದರು. ‘ಮಾವ, ನೀರು ಒಳಗೆ ಬರಲ್ಲ ಅಂತ ನೋಡಿದ್ರಿ. ಹೊಗೆ ಬರುತ್ತಾ ಅಂತ ಯಾರಾದರೂ ನೋಡಿದ್ರಾ?’

ಮಣ್ಣುರಸ್ತೆಯಲ್ಲಿ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತವರಿಗೆ ಈ ಪ್ರಶ್ನೆ ಬೇಗ ಅರ್ಥವಾಗುತ್ತದೆ. ಬಸ್ಸು ಮುಂದಕ್ಕೆ ಓಡುತ್ತಿದ್ದರೂ ಧೂಳು ಹಿಂದಿನಿಂದ ಸುತ್ತಿಕೊಂಡು ಒಳಗೆ ನುಗ್ಗುತ್ತದೆ. ಓಡುವ ವಾಹನದ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಸುಳಿ ಏಳುವುದೇ ಇದಕ್ಕೆ ಕಾರಣ. ಸೈಲೆನ್ಸರಿನ ಹೊಗೆಯೂ ಅದೇ ಸುಳಿಯಲ್ಲಿ ಸಿಕ್ಕಿ ಗೂಡಿನ ಹಿಂಬಾಗಿಲಿನ ಸಂದಿನಿಂದ ಒಳಗೆ ಸೇರಬಹುದು. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರ ಅಣುಭಾರ 28. ಗಾಳಿಯ ಸರಾಸರಿ 29. ಆದ್ದರಿಂದ ಮೇಲೂ ಹೋಗದೆ ಕೆಳಗೂ ಇಳಿಯದೆ ಗಾಳಿಯೊಡನೆ ಬೆರೆತುಬಿಡುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ಆಮೇಲೆ ಮಂಪರು. ಮುಂದೆ ಕೂತ ಹಿರಿಯರಿಗೆ ಹಿಂದಿನ ಮಕ್ಕಳು ಪ್ರಯಾಣದ ಆಯಾಸಕ್ಕೆ ನಿದ್ದೆ ಹೋದಂತೆಯೇ ಕಾಣುತ್ತದೆ.

ಇದು ಊಹೆಯ ಭಯವಲ್ಲ. 1992ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ‘ಜಾಮಾ’ದಲ್ಲಿ ಸಿಯಾಟಲ್ ನಗರದಿಂದ ಬಂದ ಒಂದು ವರದಿ ಪ್ರಕಟವಾಯಿತು. ಈ ಅನಿಲದ ವಿಷವೇರಿ ಅಲ್ಲಿ ಚಿಕಿತ್ಸೆ ಪಡೆದ 68 ಮಕ್ಕಳಲ್ಲಿ 20 ಮಕ್ಕಳು ಪಿಕಪ್ಪಿನ ಹಿಂಭಾಗದಲ್ಲಿ ಪ್ರಯಾಣ ಮಾಡಿದ್ದವರು. ಅವರಲ್ಲಿ 17 ಮಂದಿ ಇಂಥದೇ ಗಟ್ಟಿ ಗೂಡಿನೊಳಗಿದ್ದರು. ಮೂವರು ಟಾರ್ಪಾಲಿನ ಕೆಳಗಿದ್ದರು. ಒಂದು ಮಗು ಬದುಕಲಿಲ್ಲ. ಇನ್ನೊಂದಕ್ಕೆ ಮೆದುಳಿನ ಊನ ಶಾಶ್ವತವಾಗಿ ಉಳಿಯಿತು. ಆ ವಾಹನಗಳಲ್ಲೆಲ್ಲ ಹೊಗೆಕೊಳವೆ ಎಲ್ಲೋ ಸೋರುತ್ತಿತ್ತು, ಇಲ್ಲವೆ ಅದರ ಬಾಯಿ ಪಕ್ಕಕ್ಕೆ ತೆರೆಯದೆ ಹಿಂದಕ್ಕೆ ತೆರೆದಿತ್ತು.

ತಾತ ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ನಮ್ಮ ಲಾರೀಲಿ ಮಳೆ ಬಂದಾಗ ಕೂಲಿಯೋರು ಟಾರ್ಪಾಲಿನ ಕೆಳಗೇ ಮಲಗ್ತಿದ್ರು’ ಎಂದರು. ‘ಕೊಬ್ಬರಿ ನೆನೀಬಾರದು ಅನ್ನೋದೇ ನಮಗೆ ಯೋಚನೆ.’

ಅಂದು ಗೂಡಿನ ವಿಷಯದಲ್ಲಿ ನಾಲ್ಕು ಕಟ್ಟುಪಾಡುಗಳಾದವು. ಎಂಜಿನ್ ಓಡುತ್ತಿರುವಾಗ ಯಾರೂ ಗೂಡಿನೊಳಗೆ ಇರಕೂಡದು, ಗಾಡಿ ನಿಂತಿದ್ದರೂ ಸಹ. ಹೊರಡುವ ಮೊದಲು ಹೊಗೆಕೊಳವೆಯನ್ನು ಮೆಕ್ಯಾನಿಕ್ ಪರೀಕ್ಷಿಸಬೇಕು. ಅದರ ಬಾಯಿ ಪಕ್ಕಕ್ಕೆ ತೆರೆಯುವಂತಿರಬೇಕು. ಎಷ್ಟೇ ಚಳಿಯಿದ್ದರೂ ಒಳಗೆ ಒಲೆಯನ್ನಾಗಲಿ ಗ್ಯಾಸ್ ಹೀಟರನ್ನಾಗಲಿ ಹಚ್ಚಕೂಡದು. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆಯನ್ನು ತಲೆದಿಂಬಿನ ಹತ್ತಿರವೇ ಇಡಬೇಕು. ಇವುಗಳ ಜೊತೆಗೆ ಎರಡೂ ಬದಿಯ ಕಿಟಕಿಗಳನ್ನು ರಾತ್ರಿಯಿಡೀ ಎರಡು ಬೆರಳಷ್ಟು ತೆರೆದಿಡುವುದೆಂದಾಯಿತು. ಇಬ್ಬರು ಮಲಗಿದರೆ ಬೆಳಗಾಗುವಷ್ಟರಲ್ಲಿ ಉಸಿರಿನಿಂದಲೇ ಒಂದೆರಡು ಲೋಟ ನೀರು ಹಬೆಯಾಗಿ ಹೊರಬರುತ್ತದೆ. ಕಿಟಕಿ ಮುಚ್ಚಿದ್ದರೆ ಅದು ತಣ್ಣನೆಯ ಗೋಡೆಗೆ ಬಡಿದು ಹನಿಯಾಗಿ ಹಾಸಿಗೆಗೇ ಇಳಿಯುತ್ತದೆ. ಹೊರಗಿನ ಮಳೆಯನ್ನು ತಡೆದ ಗೂಡಿನೊಳಗೇ ಮಳೆ!

ಹಳೆಯ ಫೈಬರ್ ಗ್ಲಾಸ್ ಗೂಡನ್ನೇ ಅವರು ಕೊಂಡರು. ಹೊಸ ರಬ್ಬರ್ ಪಟ್ಟಿ ಹಾಕಿಸಿದರು. ಮೊದಲ ನೂರು ಕಿಲೋಮೀಟರ್ ಓಡಿದ ಮೇಲೆ ಕ್ಲಾಂಪುಗಳನ್ನು ಮತ್ತೆ ಬಿಗಿ ಮಾಡಿದರು. ಇದೇ ಕುಟುಂಬ ಉಪ್ಪು ಚೆಲ್ಲುವ ಪದ್ಧತಿಯಿಲ್ಲದ, ಬಿಸಿಲೇ ಬಿಸಿಲಾದ ಅರಿಜೋನಾದ ಮರುಭೂಮಿಯಲ್ಲಿದ್ದಿದ್ದರೆ ಅಲ್ಯೂಮಿನಿಯಮ್ಮನ್ನು ಆರಿಸಿದ್ದರೂ ತಪ್ಪಾಗುತ್ತಿರಲಿಲ್ಲ. ಗಟ್ಟಿತನ ವಸ್ತುವೊಂದರ ಗುಣ ಮಾತ್ರ ಆಗಿರುವುದಿಲ್ಲ. ಅದು ಇರುವ ಊರು, ಹೊರುವ ಭಾರ, ಸೇರುವ ಸಂದು, ಬಳಸುವವರ ಕೈ ಇವೆಲ್ಲ ಕೂಡಿದರೆ ಬಾಳಿಕೆ.

ಪಿಕಪ್ಪಿನ ಗೂಡು ನಮ್ಮಲ್ಲಿ ಅಪರೂಪ. ಆದರೆ ಮದುವೆಗೆ, ಜಾತ್ರೆಗೆ, ಕೂಲಿ ಕೆಲಸಕ್ಕೆ ಗೂಡ್ಸ್ ಗಾಡಿಗಳಲ್ಲಿ ಜನ ತುಂಬಿಕೊಂಡು ಹೋಗುವುದು, ಮಳೆ ಬಂದರೆ ಮಕ್ಕಳ ತಲೆಯ ಮೇಲೆ ಟಾರ್ಪಾಲು ಎಳೆದು ಹಿಂದಿನ ತುದಿಯನ್ನೂ ಕಟ್ಟುವುದು ಅಪರೂಪವಲ್ಲ. ಸರಕಿನ ವಾಹನದಲ್ಲಿ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧ ಎಂಬುದು ಒಂದು ಮಾತು. ಆ ಟಾರ್ಪಾಲಿನ ಕೆಳಗೆ ಸಿಯಾಟಲ್ಲಿನ ಮಕ್ಕಳು ಉಸಿರಾಡಿದ ಗಾಳಿಯೇ ತುಂಬಿಕೊಳ್ಳಬಹುದು ಎಂಬುದು ಅದಕ್ಕಿಂತ ದೊಡ್ಡ ಮಾತು. ಸುಳಿಗಾಳಿಯ ನಿಯಮಕ್ಕೆ ದೇಶಭೇದವಿಲ್ಲ. ಮುಂದಿನ ಸಲ ಅಂಥ ಗಾಡಿ ಮನೆಯ ಮುಂದೆ ಬಂದು ನಿಂತಾಗ, ಹೊಗೆಕೊಳವೆ ಎಲ್ಲಿದೆ ಎಂದು ಬಗ್ಗಿ ನೋಡುವ ವಿದ್ಯಾರ್ಥಿ, ‘ಮಕ್ಕಳನ್ನು ಬಸ್ಸಿಗೆ ಹತ್ತಿಸೋಣ’ ಎನ್ನುವ ತಾಯಿತಂದೆ ಊರಿಗೊಬ್ಬರಿದ್ದರೂ ಸಾಕು.